ಎರಡು ಮೇಜು, ವಾರಕ್ಕೆ ಎರಡು ಗಂಟೆ: ಲೈಬ್ರರಿಯಲ್ಲಿ ಬೇಸಿಗೆ ನಡೆಸುವುದು ಹೇಗೆ?

ಚಿಕ್ಕ ಊರಿನ ಲೈಬ್ರರಿಯಲ್ಲಿ ಬೇಸಿಗೆ ಕಾರ್ಯಕ್ರಮ ಮಾಡೋಣ ಎಂದರೆ ಮೊದಲು ಕೇಳಿಬರುವ ಮಾತು: ಜಾಗ ಇಲ್ಲ, ದುಡ್ಡಿಲ್ಲ, ಜನ ಇಲ್ಲ. ಮೂರೂ ನಿಜವೇ. ಆದರೂ ವಾರಕ್ಕೆ ಎರಡು ಗಂಟೆ, ಎರಡು ಮೇಜು, ಕೈಜೋಡಿಸುವ ಇಬ್ಬರು ಸಿಕ್ಕರೆ ಒಂದು ರಜೆಯನ್ನು ಚೆನ್ನಾಗಿಯೇ ನಡೆಸಬಹುದು. ತೆರಿಗೆ ಹಣದಲ್ಲಿ ನಡೆದು ಎಲ್ಲರಿಗೂ ಬಾಗಿಲು ತೆರೆದ ಲೈಬ್ರರಿಗಳಲ್ಲಿ ತೀರ ಹಳೆಯದೊಂದು ಹುಟ್ಟಿದ್ದು 1833ರಲ್ಲಿ, ಅಮೆರಿಕದ ಪೀಟರ್‌ಬರೋ ಎಂಬ ಪುಟ್ಟ ಊರಿನಲ್ಲಿ. ಊರು ಚಿಕ್ಕದೆಂದು ಹಿಂಜರಿಯಬೇಕಿಲ್ಲ.

ಒಂದೇ ಒಂದು ನಿಯಮ ಇಟ್ಟುಕೊಳ್ಳಿ. ಯಾವ ಚಟುವಟಿಕೆಯಾದರೂ ಕಪಾಟಿನ ಹತ್ತಿರ ಹೋಗಿಯೇ ಮುಗಿಯಬೇಕು. ಮ್ಯಾಜಿಕ್ ಶೋ ಇಟ್ಟರೆ ಜನ ಸೇರುತ್ತಾರೆ, ಚಪ್ಪಾಳೆ ತಟ್ಟುತ್ತಾರೆ, ಮನೆಗೆ ಹೋಗುತ್ತಾರೆ. ಪುಸ್ತಕಗಳು ಮಾತ್ರ ಇದ್ದಲ್ಲೇ ಇರುತ್ತವೆ.

ಮೊದಲು ಗದ್ದಲದ ಲೆಕ್ಕ

ನಾವು ಮೊದಲ ವರ್ಷ ಮಾಡಿದ ತಪ್ಪು ಇದು. ಕತೆ ಹೇಳುವ ಹೊತ್ತನ್ನು ನಡುಮಧ್ಯಾಹ್ನಕ್ಕೆ ಇಟ್ಟೆವು. ಪರೀಕ್ಷೆಗೆ ಓದುತ್ತಿದ್ದ ಹುಡುಗರು ಒಬ್ಬೊಬ್ಬರಾಗಿ ಪುಸ್ತಕ ಮಡಚಿ ಎದ್ದು ಹೋದರು. ಯಾರೂ ಜಗಳ ಆಡಲಿಲ್ಲ, ಮರುದಿನ ಬರಲೂ ಇಲ್ಲ. ಹಾಗಾಗಿ ಶುರು ಮಾಡುವ ಮುನ್ನ ಒಂದು ವಾರ ಕೌಂಟರಿನಲ್ಲಿ ಒಂದು ನೋಟ್‌ಬುಕ್ ಇಡಿ. ಯಾವ ಹೊತ್ತಿಗೆ ಯಾರು ಬರುತ್ತಾರೆ, ಎಷ್ಟು ಹೊತ್ತು ಕೂರುತ್ತಾರೆ, ಸುಮ್ನೆ ಬರೆದುಕೊಳ್ಳಿ. ಖಾಲಿ ಇರುವ ಹೊತ್ತು ತಾನಾಗಿ ಕಾಣಿಸುತ್ತದೆ. ಆ ದಿನ, ಆ ಗಂಟೆಯನ್ನು ರಜೆ ಮುಗಿಯುವವರೆಗೂ ಬದಲಿಸಬೇಡಿ.

ಇನ್ನೊಂದು ಮಾತು. ಹಳೆಯ ದಂಡಕ್ಕೆ ಹೆದರಿ ಬಾರದ ಮಕ್ಕಳು ನಾವು ಅಂದುಕೊಂಡದ್ದಕ್ಕಿಂತ ಜಾಸ್ತಿ ಇರುತ್ತಾರೆ. ಮೇಲಿನವರು ಒಪ್ಪಿದರೆ ರಜೆಯ ಮೊದಲ ವಾರ ದಂಡ ಮಾಫಿ ಎಂದು ಬೋರ್ಡ್ ಹಾಕಿ.

ನಂಬರ್ ಬೇಟೆ

ಇದಕ್ಕೆ ಖರ್ಚೇ ಇಲ್ಲ. ಅಮೆರಿಕದ ಗ್ರಂಥಪಾಲಕ ಮೆಲ್ವಿಲ್ ಡ್ಯೂಯಿ 1876ರಲ್ಲಿ ಪ್ರಕಟಿಸಿದ, ವಿಷಯಕ್ಕೊಂದು ನಂಬರ್ ಕೊಡುವ ದಶಮಾಂಶ ಪದ್ಧತಿ ಎಷ್ಟೋ ಲೈಬ್ರರಿಗಳಲ್ಲಿ ಇಂದಿಗೂ ಪುಸ್ತಕದ ಬೆನ್ನ ಮೇಲೆ ಕೂತಿದೆ. ಹಕ್ಕಿಗಳಿಗೆ 598, ಸಾಕುಪ್ರಾಣಿಗಳಿಗೆ 636, ಆಟೋಟಕ್ಕೆ 796, ಜನಪದ ಕತೆಗಳಿಗೆ 398. ಮಕ್ಕಳಿಗೆ ಇದು ಗುಪ್ತ ಸಂಕೇತದ ಹಾಗೆ. ಚೀಟಿಗಳಲ್ಲಿ ಬರೆಯಿರಿ: 598ಕ್ಕೆ ಹೋಗು, ಹಾರಲಾರದ ಒಂದು ಹಕ್ಕಿ ಹುಡುಕು. 523ರಲ್ಲಿ ಉಂಗುರ ಇರುವ ಗ್ರಹ ಎಷ್ಟನೇ ಪುಟದಲ್ಲಿದೆ? ಇಬ್ಬಿಬ್ಬರ ಜೋಡಿ, ಒಂದು ಜೋಡಿಗೆ ಐದು ಚೀಟಿ ಸಾಕು. ನಿಮ್ಮಲ್ಲಿ ಬೇರೆ ಪದ್ಧತಿ ಇದ್ದರೆ ಅದರ ಗುರುತನ್ನೇ ಬಳಸಿ.

ತೆಗೆದ ಪುಸ್ತಕವನ್ನು ಮಕ್ಕಳೇ ವಾಪಸ್ ಇಡಬಾರದು, ಮೇಜಿನ ಮೇಲೆ ಬಿಡಬೇಕು. ಎರಡು ಕಾರಣ. ತಪ್ಪು ಜಾಗಕ್ಕೆ ಹೋದ ಪುಸ್ತಕ ಕಳೆದುಹೋದ ಪುಸ್ತಕಕ್ಕೆ ಸಮ. ಇನ್ನು ಮೇಜಿನ ಮೇಲೆ ಹರಡಿಬಿದ್ದ ಪುಸ್ತಕಗಳ ಸುತ್ತ ಆಟ ಮುಗಿದ ಮೇಲೂ ಮಕ್ಕಳು ನಿಲ್ಲುತ್ತಾರೆ. ಪುಸ್ತಕ ಇರುವುದು ಬಳಸುವುದಕ್ಕೆ ಎಂದು ಗ್ರಂಥಾಲಯ ತಜ್ಞ ಎಸ್.ಆರ್. ರಂಗನಾಥನ್ 1931ರಲ್ಲೇ ತಮ್ಮ ಐದು ಸೂತ್ರಗಳಲ್ಲಿ ಮೊದಲನೆಯದಾಗಿ ಬರೆದರು. ಅದು ಕಣ್ಣಿಗೆ ಕಾಣುವುದು ಈ ಮೇಜಿನ ಮೇಲೆಯೇ.

ಬಿಸಿಲಿನ ಬುಕ್‌ಮಾರ್ಕ್

ಬಿಸಿಲನ್ನು ಬೈಯುವ ಬದಲು ಕೆಲಸಕ್ಕೆ ಹಚ್ಚಬಹುದು. ಇಂಗ್ಲೆಂಡಿನ ವಿಜ್ಞಾನಿ ಜಾನ್ ಹರ್ಷೆಲ್ 1842ರಲ್ಲಿ ಕಂಡುಹಿಡಿದ ಸಯನೋಟೈಪ್ ಎಂಬ ನೀಲಿ ಅಚ್ಚಿನ ವಿಧಾನಕ್ಕೆ ಕ್ಯಾಮೆರಾ ಬೇಡ. ಮರುವರ್ಷವೇ ಅನ್ನಾ ಅಟ್ಕಿನ್ಸ್ ಎಂಬ ಸಸ್ಯತಜ್ಞೆ ಕಡಲಪಾಚಿಗಳ ಅಚ್ಚು ತೆಗೆದು ಪುಸ್ತಕವನ್ನೇ ಹೊರತರತೊಡಗಿದರು. ಫೋಟೋ ಚಿತ್ರಗಳಿರುವ ಮೊದಲ ಪುಸ್ತಕವೆಂದು ಹೇಳುವುದು ಅದನ್ನೇ.

ಇದಕ್ಕೆ ಬೇಕಾದ ರಾಸಾಯನಿಕ ಹಚ್ಚಿದ ಕಾಗದ ಸಿದ್ಧವಾಗಿಯೇ ಸಿಗುತ್ತದೆ. ಮಬ್ಬುಬೆಳಕಿನ ಕೋಣೆಯಲ್ಲಿ ಅದನ್ನು ಪಟ್ಟಿಗಳಾಗಿ ಕತ್ತರಿಸಿ. ಪಟ್ಟಿಯ ಮೇಲೆ ಎಲೆ ಅಥವಾ ಗರಿ ಇಟ್ಟು, ಚಲಿಸದಂತೆ ಗಾಜು ಹೊದಿಸಿ, ಬಿಸಿಲಿಗೆ ಹಿಡಿಯಿರಿ. ಒಳ್ಳೆಯ ಬಿಸಿಲಿದ್ದರೆ ಕೆಲವೇ ನಿಮಿಷ. ಕಾಗದದ ಬಣ್ಣ ಬದಲಾದ ಮೇಲೆ ನೀರಿನಲ್ಲಿ ಚೆನ್ನಾಗಿ ತೊಳೆಯಿರಿ. ಬಿಸಿಲು ಬಿದ್ದಲ್ಲಿ ನೀಲಿ, ಎಲೆ ಇದ್ದಲ್ಲಿ ಬಿಳಿ. ಒಣಗುತ್ತಾ ನೀಲಿ ಇನ್ನೂ ಗಾಢವಾಗುತ್ತದೆ. ಗಾಜಿನ ಅಂಚಿಗೆ ಟೇಪ್ ಸುತ್ತುವುದನ್ನು ಮರೆಯಬೇಡಿ. ಒಣಗುವ ಹೊತ್ತಿಗೆ ಮಕ್ಕಳನ್ನು ಗಿಡಮರಗಳ ಕಪಾಟಿಗೆ ಕಳಿಸಿ. ಬುಕ್‌ಮಾರ್ಕ್ ಇದೆ ಅಂದ ಮೇಲೆ ಅದನ್ನಿಡಲು ಪುಸ್ತಕ ಬೇಕಲ್ವಾ?

ಓದಿನ ಕಾರ್ಡ್

ಪುಸ್ತಕಗಳನ್ನು ಎಣಿಸಬೇಡಿ. ಎಣಿಸಿದರೆ ಮಕ್ಕಳು ಕಪಾಟಿನಲ್ಲೇ ತೆಳ್ಳಗಿನ ಹತ್ತು ಪುಸ್ತಕ ಆರಿಸಿ ತರುತ್ತಾರೆ, ಜಾಣರು! ಮೂವತ್ತು ಚೌಕಗಳ ಕಾರ್ಡ್ ಕೊಡಿ, ದಿನಕ್ಕೆ ಇಪ್ಪತ್ತು ನಿಮಿಷ ಓದಿದರೆ ಒಂದು ಚೌಕಕ್ಕೆ ಬಣ್ಣ. ಕಾಮಿಕ್ಸ್ ಓದಿದರೂ ಲೆಕ್ಕ, ತಮ್ಮನಿಗೆ ಓದಿ ಹೇಳಿದರೂ ಲೆಕ್ಕ. ಮೊದಲ ಬಹುಮಾನ, ಎರಡನೇ ಬಹುಮಾನ ಬೇಡವೇ ಬೇಡ.

ಪುಟ್ಟ ಮಕ್ಕಳಿಗೆ ಓದಿ ಹೇಳುವಾಗ ನಡುನಡುವೆ ನಿಲ್ಲಿಸಿ, ಮುಂದೇನಾಯ್ತು ಎಂದು ಕೇಳಿ. ಮಗುವನ್ನೇ ಕತೆಗಾರನಾಗಿಸುವ ಈ ಓದಿನಿಂದ ಮಾತು ಬೇಗ ಬೆಳೆಯುತ್ತದೆ ಎಂಬುದನ್ನು 1988ರಲ್ಲಿ ಮನಃಶಾಸ್ತ್ರಜ್ಞ ಗ್ರೋವರ್ ವೈಟ್‌ಹರ್ಸ್ಟ್ ಮತ್ತು ಸಂಗಡಿಗರ ಅಧ್ಯಯನ ತೋರಿಸಿತು.

ದೊಡ್ಡವರ ಮೇಜು

ಎರಡನೇ ಮೇಜು ದೊಡ್ಡವರಿಗೆ. ಅರ್ಜಿ ತುಂಬಲು, ಆನ್‌ಲೈನ್ ಫಾರ್ಮ್ ಕಳಿಸಲು ನೆರವು ಕೊಡಿ. ಪಾಸ್‌ವರ್ಡನ್ನು ಅವರೇ ಟೈಪ್ ಮಾಡಲಿ. ಕೆಲಸ ಮುಗಿದ ಮೇಲೆ ಲಾಗ್‌ಔಟ್ ಮಾಡಿಸಿ, ಡೌನ್‌ಲೋಡ್ ಆದ ಕಾಗದಪತ್ರಗಳನ್ನು ಕಂಪ್ಯೂಟರಿನಿಂದ ಅಳಿಸಿ.

ಪಕ್ಕದಲ್ಲೇ ಒಂದು ಬೀಜದ ಡಬ್ಬಿ ಇಡಿ. ಬೇಕಾದವರು ಒಯ್ಯಲಿ, ಬೆಳೆದ ಮೇಲೆ ಒಂದಿಷ್ಟು ತಂದು ಹಾಕಲಿ. ಹುರುಳಿಕಾಯಿ, ಟೊಮೆಟೊದಿಂದ ಶುರು ಮಾಡಿ, ಇವು ಹೆಚ್ಚಾಗಿ ತಮ್ಮ ಪರಾಗದಿಂದಲೇ ಕಾಯಿ ಕಟ್ಟುತ್ತವೆ. ಕುಂಬಳದ ಜಾತಿಯವು ಬೇಗ ಬೆರಕೆಯಾಗುತ್ತವೆ. ಹೈಬ್ರಿಡ್ ಬೀಜವೂ ಬೇಡ, ಮರುಬೆಳೆ ತಾಯಿಗಿಡದಂತೆ ಬರುವುದಿಲ್ಲ. ಹಳೆಯ ಬೀಜದ ಬಗ್ಗೆ ಅನುಮಾನವಿದ್ದರೆ ಹತ್ತು ಬೀಜ ಎಣಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿಡಿ. ಏಳು ಮೊಳೆತರೆ ಲಕೋಟೆಯ ಮೇಲೆ 70% ಎಂದು ಬರೆಯಿರಿ.

ನಡೆಯಲಾರದ ಹಿರಿಯರ ಮನೆಗೆ ಪುಸ್ತಕ ಒಯ್ಯಲು ವಾರಕ್ಕೊಮ್ಮೆ ಒಬ್ಬರು ಸಿಕ್ಕರೆ ಸಾಕು. ಬಿಸಿಲಿಗೆ ಬಳಲಿ ಸುಮ್ನೆ ಕೂರಲು ಬಂದವರಿಗೆ ನೀರು, ಕುರ್ಚಿ ಕೊಡಿ. ಯಾಕೆ ಬಂದಿರಿ ಎಂದು ಕೇಳಬೇಡಿ.

ಪ್ರತಿ ವಾರ ಎರಡು ಅಂಕಿ ಬರೆದಿಡಿ: ಎಷ್ಟು ಜನ ಬಂದರು, ಎಷ್ಟು ಪುಸ್ತಕ ಹೊರಗೆ ಹೋದವು. ಮೊದಲನೆಯದು ಏರಿ ಎರಡನೆಯದು ನಿಂತಲ್ಲೇ ನಿಂತರೆ ಮುಂದಿನ ವಾರದ ಚಟುವಟಿಕೆ ಬದಲಿಸಿ. ರಜೆಯ ಕೊನೆಯ ದಿನ ಕೊಡುವ ಪುಸ್ತಕಗಳಿಗೆ ವಾಪಸ್ ದಿನಾಂಕವನ್ನು ಶಾಲೆ ತೆರೆದು ಎರಡು ವಾರ ಆದ ಮೇಲಿನದು ಹಾಕಿ. ಪುಸ್ತಕ ಕೊಡಲಾದರೂ ಮಕ್ಕಳು ಇನ್ನೊಮ್ಮೆ ಬರಬೇಕಾಗುತ್ತದೆ.