ಕಾಕಟೀಲ್ ಮರಿ ಮಾಡಿಸಿದ ನನ್ನ ಅನುಭವ

ಮುಂಬೈಯ ಕ್ರಾಫರ್ಡ್ ಮಾರ್ಕೆಟ್‌ನಿಂದ ಮೊದಲ ಕಾಕಟೀಲ್ (ಜುಟ್ಟಿರುವ ಸಣ್ಣ ಗಿಳಿ ಜಾತಿಯ ಹಕ್ಕಿ) ಜೋಡಿ ತಂದಾಗ ನನ್ನ ಲೆಕ್ಕ ಸುಲಭವಾಗಿತ್ತು. ಜೋಡಿಗೆ 5,000 ರೂಪಾಯಿ, ಪಂಜರಕ್ಕೆ 3,500, ಗೂಡಿಗೆಂದು ಪ್ಲೈವುಡ್ ಪೆಟ್ಟಿಗೆಗೆ 450. ವರ್ಷಕ್ಕೆ ಎಂಟ್ಹತ್ತು ಮರಿ ಆದರೆ ಖರ್ಚು ಗಿಟ್ಟುತ್ತೆ ಅಂದುಕೊಂಡಿದ್ದೆ.

ಮೊದಲ ಪೆಟ್ಟು ಕೊಟ್ಟಿದ್ದು ಮುಂಬೈ ಹತ್ತಿರದ ನಮ್ಮ ಡೊಂಬಿವಲಿಯ ಮಳೆಗಾಲ. ಜುಲೈನಲ್ಲಿ ತಂದ ಕಾಳಿನ ಚೀಲ ಬಿಚ್ಚಿದರೆ ಮುಗ್ಗಲು ವಾಸನೆ. ಬೂಷ್ಟು ಹಿಡಿದ ಕಾಳು ಹಕ್ಕಿಗೆ ವಿಷ. ಐದು ಕಿಲೋ ಹಾಗೇ ಎಸೆದೆ. ಈಗ ಕೊಪ್ಪಳದಿಂದ ಅವ್ವ ಸಿಪ್ಪೆ ಸಮೇತ ನವಣೆ ಕಳಿಸುತ್ತಾಳೆ. ಇಲ್ಲಿಯವರು ಅದಕ್ಕೆ ರಾಳೆ ಅನ್ನುತ್ತಾರೆ. ಬಿಸಿಲಿಗೆ ಹರವಿ, ಸ್ಟೀಲ್ ಡಬ್ಬಿಗೆ ತುಂಬಿ ಇಡುತ್ತೇನೆ.

ಅಡುಗೆಮನೆಯೂ ಬದಲಾಯಿತು. ನಾನ್‌ಸ್ಟಿಕ್ ತವಾ ಜಾಸ್ತಿ ಕಾದರೆ ಬರುವ ಹೊಗೆಗೆ ಹಕ್ಕಿ ಕೆಲವೇ ನಿಮಿಷಗಳಲ್ಲಿ ಸಾಯಬಹುದು. ಅದು ಗೊತ್ತಾದ ದಿನವೇ ತವಾ ಅಟ್ಟಕ್ಕೆ ಹೋಯಿತು, ಹಳೇ ಕಬ್ಬಿಣದ ಹಂಚು ಕೆಳಗಿಳಿಯಿತು. ಕಾಕಟೀಲ್ ರೆಕ್ಕೆಯಿಂದ ಬಿಳಿ ಪುಡಿ ಉದುರುತ್ತಲೇ ಇರುತ್ತದೆ. ಅತ್ತೆಗೆ ದಮ್ಮು ಇರುವುದರಿಂದ ಪಂಜರ ಹಾಲ್‌ನಿಂದ ಬಾಲ್ಕನಿಗೆ ಹೋಯಿತು, ಅದಕ್ಕೆ ಜಾಳಿಗೆ ಹೊಡೆಸಲು ಮತ್ತೆ 2,800.

ತತ್ತಿ ಇಟ್ಟ ಮೇಲೆ ಮಾತ್ರ ಇದೆಲ್ಲ ಮರೆತೇ ಹೋಗುತ್ತದೆ. ದಿನ ಬಿಟ್ಟು ದಿನ ಒಂದೊಂದು, ಒಟ್ಟು ನಾಲ್ಕೈದು. ಹಗಲು ಗಂಡು ಕಾವು ಕೊಡುತ್ತದೆ, ರಾತ್ರಿ ಹೆಣ್ಣು. ಏಳನೇ ದಿನ ಮೊಬೈಲ್ ಟಾರ್ಚ್ ಹಿಡಿದು ನೋಡಿದೆ. ತತ್ತಿಯೊಳಗೆ ಜೇಡರ ಬಲೆಯಂಥ ಕೆಂಪು ಎಳೆಗಳು, ನಡುವೆ ಮಿಡಿಯುವ ಒಂದು ಚುಕ್ಕೆ. ಮಗಳನ್ನು ಎಬ್ಬಿಸಿ ತೋರಿಸಿದೆ.

ಎರಡು ಸಲ ಮರಿ ಎದ್ದವು. ಮೂರನೇ ಸಲವೂ ಗೂಡಿನ ಪೆಟ್ಟಿಗೆಯನ್ನು ಪಂಜರದಿಂದ ತೆಗೆಯದೆ ಬಿಟ್ಟಿದ್ದೇ ನನ್ನ ದೊಡ್ಡ ತಪ್ಪು. ಆಗಸ್ಟ್‌ನ ಒಂದು ಬೆಳಗ್ಗೆ ಹೆಣ್ಣು ಹಕ್ಕಿ ಪಂಜರದ ತಳದಲ್ಲಿ ಗರಿ ಉಬ್ಬಿಸಿ ಕೂತಿತ್ತು. ಉಸಿರಿಗೊಮ್ಮೆ ಬಾಲ ಏಳುತ್ತಿತ್ತು, ಇಳಿಯುತ್ತಿತ್ತು. ಮೂರನೇ ತತ್ತಿ ಹೊಟ್ಟೆಯೊಳಗೇ ಸಿಕ್ಕಿಕೊಂಡಿತ್ತು. ಟೇಬಲ್ ಲ್ಯಾಂಪ್ ಹಚ್ಚಿ ಕಾವು ಕೊಟ್ಟೆ. ಹತ್ತಿರದ ಇಬ್ಬರು ಡಾಕ್ಟರು ನಾಯಿ, ಬೆಕ್ಕು ಬಿಟ್ಟು ಬೇರೆ ನೋಡುವುದಿಲ್ಲ ಅಂದರು. ಹಕ್ಕಿ ನೋಡುವವರು ಠಾಣೆ ನಗರದಲ್ಲಿ ಸಿಕ್ಕರು. ಅವರು ಕ್ಯಾಲ್ಸಿಯಂ ಇಂಜೆಕ್ಷನ್ ಕೊಟ್ಟರು, ಎಕ್ಸ್‌ರೇ ತೆಗೆದರು, ಆದರೆ ಆಗಲೇ ತಡವಾಗಿತ್ತು. ಸಂಜೆ ಲೋಕಲ್ ಟ್ರೇನ್‌ನಲ್ಲಿ ಖಾಲಿ ಡಬ್ಬಿ ಹಿಡಿದು ವಾಪಸ್ ಬಂದೆ. ಬಿಲ್ 3,200 ಆಗಿತ್ತು, ಅದಲ್ಲ ನನ್ನನ್ನು ಕಾಡಿದ್ದು. ಮೇಲಿಂದ ಮೇಲೆ ತತ್ತಿ ಇಟ್ಟು ಅದರ ಮೈಯಲ್ಲಿ ಸುಣ್ಣದ ಅಂಶವೇ ಉಳಿದಿರಲಿಲ್ಲ. ಅದನ್ನು ನಾನು ತಡೆಯಬಹುದಿತ್ತು, ಅಲ್ವಾ?

ಗೂಡಿನಲ್ಲಿದ್ದ ಎರಡು ತತ್ತಿಗಳನ್ನು ಇನ್ನೊಂದು ಜೋಡಿಯ ಕೆಳಗೆ ಇಟ್ಟೆ, ಅದೃಷ್ಟಕ್ಕೆ ಅವೂ ಅದೇ ವಾರ ತತ್ತಿ ಇಟ್ಟಿದ್ದವು. ಒಂದು ಮರಿಯಾಯಿತು. ಆದರೆ ಎರಡು ವಾರದ ಮೇಲೆ ದೊಡ್ಡ ಮರಿಗಳ ನಡುವೆ ಅದಕ್ಕೆ ಗುಟುಕು ಸಿಗದೆ ಸೊರಗಿತು. ಆಮೇಲೆ ನಾವೇ ಸಿರಿಂಜ್‌ನಲ್ಲಿ ಗುಟುಕು ಕೊಟ್ಟೆವು. ಮರಿಗಳ ಆಹಾರದ ಪುಡಿ ಕಲಸಿದ ನೀರು ಸುಮಾರು 40 ಡಿಗ್ರಿ ಇರಬೇಕು. ತಣ್ಣಗಾದರೆ ಅರಗುವುದಿಲ್ಲ, ಜಾಸ್ತಿ ಬಿಸಿಯಾದರೆ ಗಂಟಲ ಚೀಲ ಸುಡುತ್ತದೆ. ಬೆಳಗ್ಗೆ ಆರರಿಂದ ರಾತ್ರಿ ಹನ್ನೊಂದರವರೆಗೆ ನಾಲ್ಕು ಗಂಟೆಗೊಮ್ಮೆ. ನಾನು ಆಫೀಸಿಗೆ ಹೋದಾಗ ದಮ್ಮಿದ್ದ ಅತ್ತೆಯೇ ಮೂಗಿಗೆ ಬಟ್ಟೆ ಕಟ್ಟಿಕೊಂಡು ಕೊಡುತ್ತಿದ್ದರು.

ಆ ವರ್ಷ ಏಳು ಮರಿ ದೊಡ್ಡವಾದವು. ಎರಡನ್ನು ಪರಿಚಯದವರಿಗೆ ಸುಮ್ನೆ ಕೊಟ್ಟೆ, ಐದಕ್ಕೆ ಅಂಗಡಿಯವರು ತಲಾ 1,200 ಕೊಟ್ಟರು. ಕೈಗೆ ಬಂದಿದ್ದು 6,000. ಕಾಳು, ಸೊಪ್ಪು, ಸಮುದ್ರದ ನೊರೆ (ಸುಣ್ಣದ ಅಂಶಕ್ಕೆ ಹಕ್ಕಿ ಕುಟುಕುವ ಕಟಲ್ ಮೀನಿನ ಮೂಳೆ) ಅಂತ ತಿಂಗಳಿಗೆ 1,200ರಂತೆ ಹೋಗಿದ್ದು 14,400. ದುಡ್ಡಿಗಾಗಿ ಮಾಡುತ್ತೇನೆ ಅನ್ನುವವರಿಗೆ ನಾನು ಬೇಡ ಅಂತಲೇ ಹೇಳುತ್ತೇನೆ. ಕೆಳಗಿನ ಮನೆಯವರು ಹಸಿರು ಗಿಳಿ ಮರಿ ತರಿಸಿಕೊಡಿ ಅಂದಾಗಲೂ ಬೇಡ ಅಂದೆ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ನಮ್ಮ ನಾಡಿನ ಗಿಳಿ ಸಾಕುವುದು ಅಪರಾಧ. ಕಾಕಟೀಲ್ ಆಸ್ಟ್ರೇಲಿಯಾ ಮೂಲದ್ದು, ಅದರ ಮಾತು ಬೇರೆ.

ಈಗ ವರ್ಷಕ್ಕೆ ಎರಡೇ ಸಲ. ಎರಡನೇ ಸಲದ ಮರಿಗಳು ಹಾರಿದ ಕೂಡಲೇ ಪೆಟ್ಟಿಗೆ ತೆಗೆಯುತ್ತೇನೆ, ಸಂಜೆ ಏಳು ಗಂಟೆಗೆ ಪಂಜರಕ್ಕೆ ಬಟ್ಟೆ ಹೊದಿಸುತ್ತೇನೆ. ಬೆಳಕು ಕಡಿಮೆಯಾದರೆ ತತ್ತಿ ಇಡುವ ಆತುರವೂ ತಗ್ಗುತ್ತದೆ. ಪೆಟ್ಟಿಗೆ ಈಗ ಅಟ್ಟದ ಮೇಲಿದೆ. ದೀಪಾವಳಿ ಮುಗಿದ ಮೇಲೆ ಇಳಿಸುತ್ತೇನೆ.