ಒಂದೇ ಐಡಿಯಲ್ಲಿ ಹಲವು ಮಷೀನ್: ವಾಜುಹ್ ಏಜೆಂಟ್ ಸರಿಯಾದದ್ದು ಹೀಗೆ

ವಾಜುಹ್ (Wazuh) ಅಂದರೆ ಮಷೀನ್‌ಗಳ ಭದ್ರತೆಯ ಮೇಲೆ ಕಣ್ಣಿಡುವ ಸಾಫ್ಟ್‌ವೇರ್. ಪ್ರತಿ ಮಷೀನ್‌ನಲ್ಲಿ ಕೂತು ಮಾಹಿತಿ ಕಳಿಸುವ ಪ್ರೋಗ್ರಾಂ ಏಜೆಂಟ್, ಅದನ್ನು ಪಡೆಯುವ ಸರ್ವರ್ ಮ್ಯಾನೇಜರ್. ನಮ್ಮ ಎಸ್‌ಒಸಿ (ಭದ್ರತಾ ನಿಗಾ ಕೇಂದ್ರ) ಡ್ಯಾಶ್‌ಬೋರ್ಡ್‌ನಲ್ಲಿ ಒಂದು ಏಜೆಂಟ್ ಸುಮ್ನೆ ಆ್ಯಕ್ಟಿವ್, ಡಿಸ್ಕನೆಕ್ಟೆಡ್ ಅಂತ ಬದಲಾಗುತ್ತಿತ್ತು. ಅದರ ಐಪಿ ವಿಳಾಸವೂ ಆಗಾಗ ಬೇರೆ. ಅಲರ್ಟ್ ಬಂದರೆ ಯಾವ ಮಷೀನನ್ನು ಪ್ರತ್ಯೇಕಿಸಬೇಕು ಅನ್ನೋದೇ ತಿಳಿಯುತ್ತಿರಲಿಲ್ಲ. ಇದು ನಿಜಕ್ಕೂ ಅಪಾಯ.

ಏಜೆಂಟ್ ರೀಸ್ಟಾರ್ಟ್ ಮಾಡಿದರೆ ಸ್ವಲ್ಪ ಹೊತ್ತು ಸರಿ, ಮತ್ತೆ ಅದೇ ಕಥೆ. ಏಜೆಂಟ್ ಮ್ಯಾನೇಜರ್‌ಗೆ ಮಾಹಿತಿ ಕಳಿಸುವ 1514 ಪೋರ್ಟ್ ಫೈರ್‌ವಾಲ್‌ನಲ್ಲಿ ತೆರೆದೇ ಇತ್ತು. ಅಪ್‌ಗ್ರೇಡ್‌ನಿಂದಲೂ ಉಪಯೋಗವಾಗಲಿಲ್ಲ.

ಸುಳಿವು ಸಿಕ್ಕಿದ್ದು ಮ್ಯಾನೇಜರ್‌ನ ಲಾಗ್‌ನಲ್ಲಿ. ಆ ಐಡಿಗೆ 'ಡೂಪ್ಲಿಕೇಟ್ ಎರರ್' ಸಾಲು ಮತ್ತೆ ಮತ್ತೆ ಬರುತ್ತಿತ್ತು. ಏಜೆಂಟ್ ಹಾಕಿದ ಇಮೇಜನ್ನೇ (ಹೊಸ ಮಷೀನ್‌ಗಳಿಗೆ ಅಚ್ಚಾಗುವ ಸಿಸ್ಟಮ್‌ನ ಪೂರ್ತಿ ಪ್ರತಿ) ಕ್ಲೋನ್ ಮಾಡಲಾಗಿತ್ತು. ಹಾಗಾಗಿ ಎಲ್ಲ ಮಷೀನ್‌ಗಳ 'ಕ್ಲೈಂಟ್.ಕೀಸ್' (client.keys) ಫೈಲಿನಲ್ಲೂ ಒಂದೇ ಐಡಿ, ಒಂದೇ ಕೀ. ಮೆಸೇಜ್ ಎಣಿಕೆ ತಾಳೆಯಾಗದೆ ಮ್ಯಾನೇಜರ್ ತಿರಸ್ಕರಿಸುತ್ತಿತ್ತು.

ಇಲ್ಲಿ ಕ್ರಮ ಬಹಳ ಮುಖ್ಯ. ಇಮೇಜ್‌ನಲ್ಲಿ ಮೊದಲು ಏಜೆಂಟ್ ಸರ್ವಿಸ್ ನಿಲ್ಲಿಸಿ, ಸ್ಟಾರ್ಟಪ್ ಡಿಸೇಬಲ್ ಮಾಡಿ. ಆಮೇಲೆ 'ಕ್ಲೈಂಟ್.ಕೀಸ್' ಖಾಲಿ ಮಾಡಿ, ಮೆಸೇಜ್ ಎಣಿಕೆ ಇರುವ 'ರಿಡ್ಸ್' (rids) ಫೋಲ್ಡರ್‌ನ ಫೈಲ್‌ಗಳನ್ನು ಅಳಿಸಿ. ಸರ್ವಿಸ್ ಓಡುತ್ತಿರುವಾಗಲೇ ಅಳಿಸಿದರೆ ಪ್ರಯೋಜನವಿಲ್ಲ. ಕಾನ್ಫಿಗ್‌ನ ಎನ್‌ರೋಲ್‌ಮೆಂಟ್ (ನೋಂದಣಿ) ಭಾಗದಲ್ಲಿ ಏಜೆಂಟ್ ಹೆಸರು ಬರೆದಿದ್ದರೆ ತೆಗೆಯಿರಿ, ಆಗ ಹೋಸ್ಟ್‌ನೇಮ್ (ಆ ಮಷೀನ್‌ನ ಹೆಸರು) ತಾನಾಗೇ ಬರುತ್ತದೆ. ಇಷ್ಟಾದ ಮೇಲೆ ಇಮೇಜ್ ಸೀಲ್ ಮಾಡಿ. ಮೊದಲ ಬೂಟ್ ಸ್ಕ್ರಿಪ್ಟ್‌ನಲ್ಲಿ ಹೋಸ್ಟ್‌ನೇಮ್ ಬದಲಾದ ನಂತರವೇ ಸರ್ವಿಸ್ ಎನೇಬಲ್ ಮಾಡಿ ಶುರುಮಾಡಿ. ಹೊಸ ಐಡಿ ಪಡೆಯಲು 1515 ಪೋರ್ಟ್ ಕೂಡ ಬೇಕು, ಇದನ್ನು ಜಾಸ್ತಿ ಜನ ಮರೆಯುತ್ತಾರೆ.

ಈಗಾಗಲೇ ಓಡುತ್ತಿರುವ ಕ್ಲೋನ್‌ಗಳಲ್ಲೂ ಕೀ, ರಿಡ್ಸ್ ಎರಡನ್ನೂ ಹೀಗೇ ತೆಗೆದು ಶುರುಮಾಡಿ. ಎಲ್ಲವೂ ಹೊಸ ಐಡಿಯಲ್ಲಿ ಕಾಣಿಸಿದ ಮೇಲೆ ಹಳೆಯ ಐಡಿಯನ್ನು ಮ್ಯಾನೇಜರ್‌ನಿಂದ ತೆಗೆಯಿರಿ.