ತುಡಿತ ಇಳಿಯುವವರೆಗೆ ನಿರ್ಧಾರವನ್ನು ತಡೆದಿಡುವುದು ಹೇಗೆ

ಸಿಟ್ಟಿನ ಭರದಲ್ಲಿ ಬರೆದ ರಾಜೀನಾಮೆ ಪತ್ರಕ್ಕೂ, ಬಿಟ್ಟು ಮೂರು ವಾರವಾದ ಸಿಗರೇಟನ್ನು ಮತ್ತೆ ಹಚ್ಚುವ ಗಳಿಗೆಗೂ ಮೇಲ್ನೋಟಕ್ಕೆ ಸಂಬಂಧವಿಲ್ಲ. ಆದರೆ ಎರಡರಲ್ಲೂ ಒಳಗೆ ನಡೆಯುವುದು ಒಂದೇ: ಒಂದು ತುಡಿತ ಏಳುತ್ತದೆ, ಈಗಲೇ ಆಗಬೇಕೆಂದು ಒತ್ತುತ್ತದೆ, ಅದು ಇಳಿಯುವ ಮೊದಲೇ ನಾವು ನಿರ್ಧರಿಸಿಬಿಟ್ಟಿರುತ್ತೇವೆ. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ ಎಂದು ಗಾದೆ ಕೇಳುವುದು ಇದನ್ನೇ. ತಾಳಿಕೊಳ್ಳಬೇಕೆಂಬುದು ಎಲ್ಲರಿಗೂ ಗೊತ್ತು. ತಾಳಿಕೊಳ್ಳುವ ಹೊತ್ತಿನಲ್ಲಿ ಏನು ಮಾಡಬೇಕೆಂಬುದನ್ನು ಮಾತ್ರ ಕಲಿತೇ ತಿಳಿಯಬೇಕು.

ಎದುರಿಗೇ ನಿಂತ ಗಿಡ ಹಿಂದಿನ ಬೆಟ್ಟವನ್ನು ಮರೆಮಾಡುವಂತೆ, ಕೈಗೆಟುಕುವ ಸಣ್ಣ ಸುಖ ದೂರದ ದೊಡ್ಡ ಹಿತವನ್ನು ಮರೆಸುತ್ತದೆ. ಅಮೆರಿಕದ ಮನೋವೈದ್ಯ ಜಾರ್ಜ್ ಐನ್ಸ್ಲಿ 1975ರ ಲೇಖನವೊಂದರಲ್ಲಿ ಇದನ್ನು ವಿವರಿಸಿದರು: ಫಲ ತೀರ ಸಮೀಪಿಸಿದಾಗ ಅದರ ಸೆಳೆತ ಒಮ್ಮೆಲೇ ಏರುತ್ತದೆ, ಅಂತರ ಹೆಚ್ಚಿದ್ದಾಗ ದೊಡ್ಡ ಹಿತವೇ ಮೇಲಾಗಿ ಕಾಣುತ್ತದೆ. ಹಾಗಾಗಿ, ಎರಡರ ಎತ್ತರವೂ ಸರಿಯಾಗಿ ಕಾಣುವಷ್ಟು ಹಿಂದೆ ಸರಿದು ನಿಲ್ಲುವುದೇ ಕಾಯುವುದರ ಉದ್ದೇಶ.

ಮೊದಲು ಗಡುವು ಹಾಕಿಕೊಳ್ಳಿ. ‘ಆಮೇಲೆ ನೋಡೋಣ’ ಎಂದರೆ ಮನಸ್ಸಿಗೆ ಅದು ನಿರಾಕರಣೆಯಂತೆಯೇ ಕೇಳಿಸುತ್ತದೆ. ‘ನಾಳೆ ಬೆಳಿಗ್ಗೆ ಹತ್ತು ಗಂಟೆಗೆ ನಿರ್ಧರಿಸುತ್ತೇನೆ’ ಎಂದರೆ ಅದು ಒಪ್ಪುತ್ತದೆ. ಅವಧಿ ವಿಷಯಕ್ಕೆ ತಕ್ಕಂತಿರಲಿ. ಸಿಗರೇಟಿನ ಅಥವಾ ತಿನಿಸಿನ ಚಪಲಕ್ಕೆ 20 ನಿಮಿಷ, ಖಾರವಾದ ಉತ್ತರಕ್ಕೆ ಒಂದು ರಾತ್ರಿಯ ನಿದ್ದೆ, ಮೊದಲೇ ಯೋಚಿಸಿರದ ದೊಡ್ಡ ಖರೀದಿಗೆ ಒಂದು ವಾರ ಎಂಬುದು ನಾನು ಇಟ್ಟುಕೊಂಡಿರುವ ಲೆಕ್ಕ. ಕೆಲಸ ಬಿಡುವುದು, ಸಂಬಂಧ ಕಡಿದುಕೊಳ್ಳುವುದು ಮುಂತಾದ ನಿರ್ಧಾರಗಳಿಗೆ ದಿನ ಎಣಿಸಿದರೆ ಸಾಲದು. ಹಸಿದಾಗ, ಉಂಡಾಗ, ದಣಿದಾಗ, ಚೆನ್ನಾಗಿ ನಿದ್ರಿಸಿ ಎದ್ದಾಗ ಅದೇ ಪ್ರಶ್ನೆಯನ್ನು ಕೇಳಿಕೊಂಡು, ಉತ್ತರ ಒಂದೇ ಬರುತ್ತದೆಯೇ ಎಂದು ನೋಡಬೇಕು.

ಗಡುವು ಹಾಕಿದ ಮೇಲೆ ವಸ್ತುವನ್ನು ಕಣ್ಣಿನಿಂದ ದೂರ ಮಾಡಿ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ವಾಲ್ಟರ್ ಮಿಶೆಲ್ ಮತ್ತು ಸಂಗಡಿಗರು ನಡೆಸಿ, 1970ರ ದಶಕದ ಆರಂಭದಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಪುಟ್ಟ ಮಕ್ಕಳಿಗೆ, ಸ್ವಲ್ಪ ಹೊತ್ತು ಕಾದರೆ ಹೆಚ್ಚು ಇಷ್ಟವಾದ ತಿನಿಸು ಸಿಗುತ್ತದೆ ಎಂದು ತಿಳಿಸಲಾಗಿತ್ತು. ತಿನಿಸು ಎದುರಿಗೇ ಇದ್ದಾಗ ಮಕ್ಕಳು ಬೇಗ ಸೋತರು. ಅದನ್ನು ಮರೆಮಾಡಿದಾಗ, ಅಥವಾ ಬೇರೇನಾದರೂ ಸಂತೋಷದ ಸಂಗತಿಯನ್ನು ಯೋಚಿಸಲು ಹೇಳಿದಾಗ, ಹೆಚ್ಚು ಹೊತ್ತು ಕಾದರು. ಕಾಯಬಲ್ಲ ಮಗು ಮುಂದೆ ಬದುಕಿನಲ್ಲೂ ಗೆಲ್ಲುತ್ತದೆ ಎಂಬ ಪ್ರಸಿದ್ಧ ತೀರ್ಮಾನ 2018ರಲ್ಲಿ ಪ್ರಕಟವಾದ ದೊಡ್ಡ ಮರುಪರಿಶೀಲನೆಯಲ್ಲಿ ಬಹಳ ದುರ್ಬಲವಾಯಿತು. ಕುಟುಂಬದ ಹಿನ್ನೆಲೆಯನ್ನು ಗಣನೆಗೆ ತೆಗೆದುಕೊಂಡಾಗ ಆ ನಂಟು ತೀರ ಕ್ಷೀಣವಾಗಿತ್ತು. ನಮಗೆ ಬೇಕಾದದ್ದು ಆ ತೀರ್ಮಾನವಲ್ಲ, ಮರೆಮಾಡುವ ಉಪಾಯ. ಖರೀದಿಯ ಆ್ಯಪ್‌ನಲ್ಲಿ ಉಳಿಸಿಟ್ಟ ಕಾರ್ಡಿನ ವಿವರಗಳನ್ನು ಅಳಿಸಿ. ಸಿಟ್ಟಿನ ಉತ್ತರವನ್ನು ಬರೆಯಲೇಬೇಕೆಂದಿದ್ದರೆ ಕಾಗದದ ಮೇಲೆ ಬರೆಯಿರಿ, ಇಲ್ಲವೇ ಪಡೆಯುವವರ ವಿಳಾಸವನ್ನು ಖಾಲಿ ಬಿಟ್ಟು ಬರೆಯಿರಿ. ಕಳುಹಿಸಿದ್ದನ್ನು ಹಿಂಪಡೆಯಲು ಜಿಮೇಲ್ ಕೊಡುವ ಕಾಲಾವಕಾಶ ಹೆಚ್ಚೆಂದರೆ 30 ಸೆಕೆಂಡು. ಅಷ್ಟರಲ್ಲಿ ಯಾರ ಸಿಟ್ಟೂ ಇಳಿಯುವುದಿಲ್ಲ.

ಇಷ್ಟೆಲ್ಲ ಮಾಡಿದರೂ ತುಡಿತ ಒಳಗೆ ಇದ್ದೇ ಇರುತ್ತದೆ, ಮತ್ತು ನಿಜವಾದ ಕೆಲಸ ಇರುವುದು ಇಲ್ಲಿಯೇ. ಅದನ್ನು ನೆನೆಯಲೇಬಾರದೆಂದು ಹಟ ಹಿಡಿದರೆ ಸೋಲು ಖಚಿತ. 1987ರಲ್ಲಿ ಪ್ರಕಟವಾದ ಡೇನಿಯಲ್ ವೆಗ್ನರ್ ಅವರ ಪ್ರಯೋಗದಲ್ಲಿ, ಬಿಳಿ ಕರಡಿಯನ್ನು ನೆನೆಯಬೇಡಿ ಎಂದು ಹೇಳಿಸಿಕೊಂಡವರಿಗೆ ಅದೇ ಮತ್ತೆ ಮತ್ತೆ ನೆನಪಾಯಿತು. ವ್ಯಸನ ಚಿಕಿತ್ಸೆಯಲ್ಲಿ ಕೆಲಸ ಮಾಡಿದ ಮನೋವಿಜ್ಞಾನಿ ಅಲನ್ ಮಾರ್ಲಟ್ ಬೇರೆ ದಾರಿ ತೋರಿಸಿದರು. ಅವರು ತುಡಿತವನ್ನು ಅಲೆಗೆ ಹೋಲಿಸಿ, ಅದರೊಡನೆ ಗುದ್ದಾಡದೆ ಅದರ ಮೇಲೆ ತೇಲುವುದನ್ನು ಕಲಿಸಿದರು. ಪಾದಗಳನ್ನು ನೆಲಕ್ಕೂರಿ ಕುಳಿತು, ತುಡಿತ ದೇಹದಲ್ಲಿ ಎಲ್ಲಿದೆ ಎಂದು ಹುಡುಕಿ: ಗಂಟಲಿನಲ್ಲೋ, ಎದೆಯಲ್ಲೋ, ಬೆರಳ ತುದಿಯಲ್ಲೋ. ಅದಕ್ಕೆ 0ಯಿಂದ 10ರೊಳಗೆ ಒಂದು ಅಂಕ ಕೊಡಿ. ಉಸಿರನ್ನು ನಿಧಾನವಾಗಿ ಎಳೆದು, ಅದಕ್ಕಿಂತಲೂ ನಿಧಾನವಾಗಿ ಬಿಡುತ್ತಾ, ಎರಡು ಮೂರು ನಿಮಿಷಕ್ಕೊಮ್ಮೆ ಮತ್ತೆ ಅಂಕ ಕೊಡಿ. ಆರಿದ್ದದ್ದು ಎಂಟಕ್ಕೆ ಏರಬಹುದು. ಆಗ ಗಾಬರಿಯಾಗದೆ, ಅಲೆಯ ನೆತ್ತಿ ಹತ್ತಿರವಾಯಿತೆಂದು ತಿಳಿದು ಕುಳಿತೇ ಇರಿ. ತಂಬಾಕು ಬಿಟ್ಟವರನ್ನು ಕಾಡುವ ತೀವ್ರ ಬಯಕೆ ಸಾಮಾನ್ಯವಾಗಿ ಕೆಲವೇ ನಿಮಿಷಗಳಲ್ಲಿ ಇಳಿಯುತ್ತದೆ, ಮತ್ತೆ ಬಂದಾಗಲೂ ಹಾಗೆಯೇ ಇಳಿಯುತ್ತದೆ. ಮೊದಲ ಸಲ ಇದು ಬಹಳ ಕಷ್ಟವೆನಿಸುತ್ತದೆ. ಯಾವುದನ್ನೂ ಮಾಡದೆಯೇ ಅಂಕ ಮೂರಕ್ಕೆ ಇಳಿದದ್ದನ್ನು ಒಮ್ಮೆ ಸ್ವತಃ ಕಂಡ ಮೇಲೆ, ಎರಡನೆಯ ಸಲಕ್ಕೆ ಧೈರ್ಯ ತಾನಾಗಿ ಬಂದಿರುತ್ತದೆ.

ಇವನ್ನೆಲ್ಲ ಬಿಸಿಯ ಗಳಿಗೆಯಲ್ಲಿ ನೆನಪಿಸಿಕೊಳ್ಳುವುದು ಕಷ್ಟವಾದ್ದರಿಂದ, ಮನಸ್ಸು ತಣ್ಣಗಿರುವಾಗಲೇ ಒಂದು ವಾಕ್ಯ ಬರೆದಿಡಿ: ‘ಹೀಗಾದರೆ ಹೀಗೆ ಮಾಡುತ್ತೇನೆ.’ ಪೀಟರ್ ಗಾಲ್‌ವಿಟ್ಜರ್ ಎಂಬ ಮನೋವಿಜ್ಞಾನಿ ಈ ಬಗೆಯ ಸಂಕಲ್ಪಗಳನ್ನು ವಿಸ್ತಾರವಾಗಿ ಅಧ್ಯಯನ ಮಾಡಿದ್ದಾರೆ. ‘ಇನ್ನು ಮೇಲೆ ದುಡುಕುವುದಿಲ್ಲ’ ಎಂಬುದಕ್ಕಿಂತ ‘ಉತ್ತರ ಬರೆಯುವಾಗ ಕೈ ನಡುಗಿದರೆ ಫೋನನ್ನು ಪಕ್ಕದ ಕೋಣೆಯಲ್ಲಿಟ್ಟು ಬರುತ್ತೇನೆ’ ಎಂಬುದು ಹೆಚ್ಚು ಕೆಲಸಕ್ಕೆ ಬರುತ್ತದೆ.

ಬೆಂಕಿ, ಅಪಘಾತ, ಎದೆನೋವು ಇಂತಹ ಸಂದರ್ಭಗಳಲ್ಲಿ ಕಾಯಲೇಬಾರದು. ತನಗೆ ತಾನೇ ಹಾನಿ ಮಾಡಿಕೊಳ್ಳಬೇಕೆಂಬ ತುಡಿತ ಬಂದರೆ ದಯವಿಟ್ಟು ಒಬ್ಬರೇ ಕುಳಿತು ಅದು ಇಳಿಯಲೆಂದು ಕಾಯಬೇಡಿ. ಆಪ್ತರೊಬ್ಬರನ್ನು ಕೂಡಲೇ ಜೊತೆಗೆ ಕರೆದುಕೊಂಡು, ವೈದ್ಯರ ಅಥವಾ ಸಹಾಯವಾಣಿಯ ನೆರವು ಪಡೆಯಿರಿ.

ಗಡುವು ಮುಗಿದಾಗ ಕೊಟ್ಟ ಮಾತಿನಂತೆ ಪ್ರಶ್ನೆಯನ್ನು ಮತ್ತೆ ಕೈಗೆತ್ತಿಕೊಳ್ಳಿ. ಈಗಲೂ ಬೇಕೆನಿಸಿದರೆ, ಕಾರಣವನ್ನು ಎರಡು ಸಾಲಿನಲ್ಲಿ ಬರೆಯಲು ಸಾಧ್ಯವಾದರೆ, ಅಳುಕಿಲ್ಲದೆ ಮುಂದುವರಿಯಿರಿ. ತಿಳಿಯದಿದ್ದರೆ ಗಡುವನ್ನು ಒಮ್ಮೆ ಮಾತ್ರ ವಿಸ್ತರಿಸಿ. ಮೂರನೆಯ ಸಲವೂ ಮುಂದೂಡುವ ಮನಸ್ಸಾದರೆ, ಆಗ ತಡೆದು ನೋಡಬೇಕಾದದ್ದು ಮುಂದೂಡಬೇಕೆಂಬ ತುಡಿತವನ್ನೇ.